ಏಳನೇ ಪೀಪಾಯಿ

ಹದಿಮೂರು ವರ್ಷಗಳ ಹಿಂದೆ, ಕಲ್ಲು ಬಿಟ್ಟರೆ ಬೇರೇನೂ ಇಲ್ಲದ ಒಂದು ಇಳಿಜಾರಿನ ಮೇಲೆ ನಿಂತು, ದ್ರಾಕ್ಷಿ ತೋಟದ ಯಜಮಾನರು ತಮ್ಮ ಹೊಸ ಸೊಸೆಗೆ ಒಂದು ಮಾತು ಕೊಟ್ಟಿದ್ದರು. ಅವಳು ಆ ಕಲ್ಲುಜಾಗದಲ್ಲೇ ಬಳ್ಳಿ ನೆಡುತ್ತೇನೆಂದು ಹಟ ಹಿಡಿದಿದ್ದಳು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಯಜಮಾನರೂ ನಕ್ಕು, ಕಣ್ಣು ಒರೆಸಿಕೊಂಡು ಹೇಳಿದ್ದರು: “ಆಯ್ತಮ್ಮ, ನೆಡು. ಇಲ್ಲಿಂದ ಕುಡಿಯೋವಂಥ ವೈನ್ ಒಂದೇ ಒಂದು ಪೀಪಾಯಿ ಬಂದ್ರೂ ಸಾಕು, ಅದನ್ನ ಬೇರೆ ಯಾವುದಕ್ಕೂ ಬೆರೆಸಲ್ಲ. ಅದೊಂದನ್ನೇ ಬಾಟಲಿಗೆ ಹಾಕಿಸಿ, ಮೇಲೆ ನಿನ್ನ ಹೆಸರು ಹಾಕಿಸ್ತೀನಿ. ಎಲ್ಲರ ಮುಂದೆ ಹೇಳ್ತಿದೀನಿ.”

ಪೊಲೀಸ್ ಕಡತದಲ್ಲಿ ಈ ಮಾತು ಕಾಣಿಸಿಕೊಳ್ಳುವುದು ಮೂರನೇ ದಿನದ ಹಾಳೆಯಲ್ಲಿ. ಮೊದಲ ದಿನದ ಹಾಳೆಯಲ್ಲಿರುವುದು ದೂರು ಮಾತ್ರ.

ಸೋಮವಾರ ಬೆಳಿಗ್ಗೆ 9.20ಕ್ಕೆ ಯಜಮಾನರು ಠಾಣೆಯ ಮೆಟ್ಟಿಲು ಹತ್ತಿದರು. ವಯಸ್ಸು ಅರವತ್ತೊಂಬತ್ತು, ಮಂಡಿ ಎರಡೂ ಕೈಕೊಟ್ಟು ಏಳು ವರ್ಷವಾಗಿತ್ತು. ನಾಲ್ಕು ಮೆಟ್ಟಿಲಿಗೆ ನಾಲ್ಕು ಸಲ ನಿಂತರು. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದು ಹೆಡ್ ಕಾನ್‌ಸ್ಟೇಬಲ್‌ನಿಂದಾಗಿ. ಆತ ಯಾವುದನ್ನೂ ನಿಮಿಷ ಹಾಕದೆ ಬರೆದವನಲ್ಲ. ಠಾಣೆಯಲ್ಲಿ ಅವನನ್ನು ಬೆನ್ನ ಹಿಂದೆ ಗಡಿಯಾರ ಎನ್ನುತ್ತಿದ್ದರು. ಈಚೆಗೆ ಮುಖದೆದುರೂ ಅನ್ನತೊಡಗಿದ್ದರು.

“ಏನು ಕಳುವಾಗಿದೆ?” ಗಡಿಯಾರ ಕೇಳಿದ.

“ವೈನ್. ಕೆಂಪು ವೈನ್. ಒಂದು ಪೀಪಾಯಿ.”

“ಪೀಪಾಯಿ ಸಮೇತಾನಾ?”

“ಇಲ್ಲಪ್ಪ. ಪೀಪಾಯಿ ಅಲ್ಲೇ ಇದೆ. ಒಳಗೆ ಏನೂ ಇಲ್ಲ.”

“ಸೋರಿ ಹೋಗಿರಬಹುದಲ್ಲ?”

ಯಜಮಾನರು ಅವನನ್ನು ಒಂದು ಸಲ ನೋಡಿದರು. “ಇನ್ನೂರಿಪ್ಪತ್ತೈದು ಲೀಟರ್ ಸೋರಿದ್ರೆ ನೆಲ ಒದ್ದೆ ಆಗಲ್ವೇನಪ್ಪಾ? ನಾನು ಕಾಲು ಜಾರಿ ಬಿದ್ದು, ಇಲ್ಲಿಗೆ ಬರೋ ಬದಲು ಆಸ್ಪತ್ರೆಗೆ ಹೋಗಿರ್ತಿದ್ದೆ.”

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಬಂದಳು. ಬೆಳಿಗ್ಗೆ ಎರಡು ಮಕ್ಕಳ ಚೀಲ, ಊಟದ ಡಬ್ಬಿ, ಒಂದು ಕಳೆದುಹೋದ ಕಾಲುಚೀಲ ಎಲ್ಲವನ್ನೂ ಪತ್ತೆ ಮಾಡಿ ಹೊರಟವಳು. ದಿನದ ಮೊದಲ ತನಿಖೆ ಅವಳ ಪಾಲಿಗೆ ಆಗಲೇ ಮುಗಿದಿತ್ತು. ಯಜಮಾನರನ್ನು ಕೂರಿಸಿ, ನೀರು ತರಿಸಿ, ಮೊದಲಿನಿಂದ ಹೇಳಿ ಎಂದಳು.

ಸಂಗತಿ ಸರಳವಾಗಿತ್ತು. ತೋಟ ಮನೆಯವರದೇ. ಯಜಮಾನರು, ಅವರ ಒಬ್ಬನೇ ಮಗ, ಸೊಸೆ, ಹಣ್ಣಿನ ಕಾಲದಲ್ಲಿ ಒಂದಿಷ್ಟು ಆಳುಗಳು. ನೆಲಮಾಳಿಗೆಯಲ್ಲಿ ಹದಿನೆಂಟು ಪೀಪಾಯಿ ಕೆಂಪು ವೈನ್. ದೊಡ್ಡದೊಂದು ಹೋಟೆಲಿನವರು ಇಡೀ ವರ್ಷಕ್ಕೆ ಬೇಕಾದಷ್ಟು ವೈನ್ ಕೇಳಿದ್ದರು. ಆದರೆ ಎಲ್ಲ ಬಾಟಲಿಯೂ ಒಂದೇ ರುಚಿ ಇರಬೇಕು ಎಂಬ ಷರತ್ತು. ಅದಕ್ಕಾಗಿ ಗುರುವಾರ ಹದಿನೆಂಟೂ ಪೀಪಾಯಿಯನ್ನು ಒಂದೇ ದೊಡ್ಡ ಟ್ಯಾಂಕಿಗೆ ಸುರಿದು ಬೆರೆಸುವುದೆಂದು ತೀರ್ಮಾನವಾಗಿತ್ತು. ಶನಿವಾರ, ಭಾನುವಾರ ಅಪ್ಪ ಮಗ ಇಬ್ಬರೂ ಹೋಟೆಲಿನವರ ಜೊತೆ ಮಾತಾಡಲು ಪಕ್ಕದ ಊರಿಗೆ ಹೋಗಿದ್ದರು. ಸೋಮವಾರ ಬೆಳಿಗ್ಗೆ ಯಜಮಾನರು ಕೋಲಿನಿಂದ ಪೀಪಾಯಿಗಳನ್ನು ತಟ್ಟುತ್ತ ಬಂದಾಗ ಏಳನೆಯದು ಮಾತ್ರ ಟೊಳ್ಳು ಸದ್ದು ಮಾಡಿತ್ತು.

“ಹದಿನೆಂಟರಲ್ಲಿ ಒಂದು ತಾನೇ?” ಇನ್ಸ್‌ಪೆಕ್ಟರ್ ಕೇಳಿದಳು.

“ಒಂದೇ. ಆದ್ರೆ ಅದಿಲ್ದೆ ಮಿಕ್ಕ ಹದಿನೇಳೂ ಈ ವರ್ಷ ನೀರು ನೀರು. ಸಾರಿಗೆ ಉಪ್ಪು ಇದ್ದ ಹಾಗೆ ಅದು. ಮೇಲಿನ ಇಳಿಜಾರಿಂದು.”

“ಯಾರ ಮೇಲೆ ಅನುಮಾನ?”

ಯಜಮಾನರು ತಡವರಿಸಲಿಲ್ಲ. “ಪೀಪಾಯಿ ಮೇಸ್ತ್ರಿ. ಎರಡು ತಿಂಗಳ ಹಿಂದೆ ಜಗಳ ಆಡಿ ಕೆಲಸ ಬಿಡಿಸಿದೆ. ಹೋಗ್ತಾ ಹೋಗ್ತಾ ನನ್ನ ನಾಲಿಗೆ ಸತ್ತು ಹೋಗಿದೆ ಅಂದ.”

9.55ಕ್ಕೆ FIR ದಾಖಲಾಯಿತು. ಗಡಿಯಾರ “ಕಳುವಾದ ವಸ್ತು” ಎಂಬಲ್ಲಿ ಕೆಂಪು ದ್ರಾಕ್ಷಾರಸ ಎಂದು ಬರೆದು, ಪೆನ್ನು ಎತ್ತಿಹಿಡಿದು, “ಬಣ್ಣ ಬರೀಬೇಕಾ ಮೇಡಂ, ಹೆಸರಲ್ಲೇ ಇದೆಯಲ್ಲ?” ಎಂದ. ಬರೆ ಎಂದಳು.

ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ಹೊರಗಿನ ಬಿಸಿಲು ಮೂರನೇ ಮೆಟ್ಟಿಲಿಗೇ ನಿಂತುಬಿಡುತ್ತಿತ್ತು. ಕಲ್ಲಿನ ಕಮಾನು, ಎರಡು ಸಾಲಿನಲ್ಲಿ ಮಲಗಿದ ಪೀಪಾಯಿಗಳು, ಪ್ರತಿಯೊಂದರ ಮುಖದ ಮೇಲೂ ಸೀಮೆಸುಣ್ಣದಲ್ಲಿ ಬರೆದ ಸಂಖ್ಯೆ. ಒಂದು ಗೋಡೆಗೆ ಹೊಸ ಸ್ಟೀಲ್ ಟ್ಯಾಂಕು, ಇನ್ನೊಂದು ಗೋಡೆಗೆ ಬಳಕೆ ತಪ್ಪಿದ ಹಳೆಯ ಸಿಮೆಂಟ್ ತೊಟ್ಟಿ. ಒದ್ದೆ ಮರದ, ಹುಳಿಹಣ್ಣಿನ ವಾಸನೆ. ಬಾಗಿಲ ಬೀಗ ಮುರಿದಿರಲಿಲ್ಲ. ಕೀಲಿಕೈ ಅಡುಗೆಮನೆಯ ಮೊಳೆಗೆ ನೇತುಹಾಕಿರುತ್ತಿತ್ತು. ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು.

ಅವರನ್ನು ಕೆಳಗೆ ಕರೆದುಕೊಂಡು ಹೋದವಳು ಸೊಸೆ. ನಲವತ್ತರ ಆಸುಪಾಸು, ಮೊಣಕೈವರೆಗೆ ಮಡಚಿದ ತೋಳು, ತೊಳೆದರೂ ಹೋಗದ ನೇರಳೆ ಬಣ್ಣ ಉಗುರ ಸಂದಿಯಲ್ಲಿ. ಮಾವನ ಮಂಡಿ ಕೈಕೊಟ್ಟಾಗಿನಿಂದ ನೆಲಮಾಳಿಗೆಯ ಕೆಲಸವೆಲ್ಲ ಅವಳದೇ.

“ಏಳನೇ ಪೀಪಾಯಿಯನ್ನ ಕೊನೇದಾಗಿ ನೋಡಿದ್ದು ಯಾವಾಗ?”

“ನಿನ್ನೆ ಸಾಯಂಕಾಲ. ನಾಲ್ಕೂವರೆಗೆ.”

“ಆಗ ಸರಿಯಾಗಿತ್ತಾ?”

“ಪೀಪಾಯಿ ಸರಿಯಾಗೇ ಇತ್ತು.”

“ಹೊರಗಿನವರು ಯಾರಾದ್ರೂ ಬಂದಿದ್ರಾ?”

“ಯಾರೂ ಬಂದಿಲ್ಲ.”

“ಮೇಸ್ತ್ರಿ?”

“ಅವರು ಬಂದಿಲ್ಲ. ಅವರು ಅಂಥವರೂ ಅಲ್ಲ.” ಆ ಒಂದು ಉತ್ತರವನ್ನು ಮಾತ್ರ ಅವಳು ಕೇಳಿದ್ದಕ್ಕಿಂತ ಒಂದು ವಾಕ್ಯ ಹೆಚ್ಚಾಗಿ ಕೊಟ್ಟಳು.

ಪಕ್ಕದ ತೋಟದ ಇಬ್ಬರನ್ನು ಪಂಚರಾಗಿ ಕರೆಸಿ 11.10ಕ್ಕೆ ಪಂಚನಾಮೆ ಶುರುವಾಯಿತು. ಇನ್ಸ್‌ಪೆಕ್ಟರ್ ಪೀಪಾಯಿಯ ಬಾಯಿಗೆ ತುರುಕಿದ್ದ ಮರದ ಬೆಣೆಯನ್ನು ತೆಗೆದು ಮೂಗು ಹತ್ತಿರ ಒಯ್ದಳು, ತಟ್ಟನೆ ಹಿಂದೆ ಸರಿದಳು. ಮೂಗಿನ ಒಳಗೆ ಒಂದು ಬೆಂಕಿಪೊಟ್ಟಣವನ್ನೇ ಗೀರಿದ ಹಾಗಾಯಿತು. ಬೆಣೆಯ ಅಡಿಯಲ್ಲಿ ತಂತಿಯ ಕೊಕ್ಕೆ, ಕೊಕ್ಕೆಯಲ್ಲಿ ಸುಟ್ಟು ಕಪ್ಪಾದ ಬಟ್ಟೆಯ ತುಂಡು, ಹೆಬ್ಬೆರಳಿನಷ್ಟು ಉದ್ದ. ಒಳಗೆ ಟಾರ್ಚ್ ಹಾಕಿ ನೋಡಿದರೆ ಮರ ಚೊಕ್ಕವಾಗಿತ್ತು. ಒಂದು ಹನಿ ಗಸಿಯೂ ಇಲ್ಲ.

“ಇದೇನು?”

“ಗಂಧಕದ ಬತ್ತಿ,” ಸೊಸೆ ಹೇಳಿದಳು. “ಖಾಲಿ ಪೀಪಾಯಿಯನ್ನ ಹಾಗೇ ಬಿಟ್ಟರೆ ಮರ ಬೂಸಲು ಹಿಡಿಯುತ್ತೆ. ತೊಳೆದು, ಒಣಗಿಸಿ, ಬತ್ತಿ ಹಚ್ಚಿ ಒಳಗೆ ಬಿಟ್ಟು ಬಾಯಿ ಮುಚ್ಚಬೇಕು.”

“ಅಂದ್ರೆ ಕಳ್ಳ ಪೀಪಾಯಿ ತೊಳೆದಿದ್ದಾನೆ.”

“ತೊಳೆದಿದೆ,” ಎಂದಳು ಸೊಸೆ.

ಗಡಿಯಾರ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಅವನು ಬೀಗ ಒಡೆದ ಕಳ್ಳರನ್ನು ಕಂಡಿದ್ದ, ಅಡುಗೆಮನೆಯಲ್ಲಿ ಉಂಡು ಹೋದವರನ್ನು ಕಂಡಿದ್ದ, ಒಬ್ಬ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದಾಗಲೇ ಸಿಕ್ಕಿದ್ದ. ಪಾತ್ರೆ ತೊಳೆದಿಟ್ಟು ಹೋದ ಕಳ್ಳ ಇವನೇ ಮೊದಲು.

“ಮನೇಲಿ ನಮ್ಮ ಹುಡುಗರೂ ಇಷ್ಟು ಮಾಡಲ್ಲ ಮೇಡಂ,” ಎಂದು ಗೊಣಗಿ, ಪಂಚನಾಮೆಗೆ ಬತ್ತಿಯ ಉದ್ದ ಸೇರಿಸಿದ.

ಪೀಪಾಯಿ ಮೇಸ್ತ್ರಿ ಮಧ್ಯಾಹ್ನ 2.40ಕ್ಕೆ ತನ್ನ ಕೊಟ್ಟಿಗೆಯಲ್ಲಿ ಸಿಕ್ಕ. ಕಬ್ಬಿಣದ ಬಳೆಯನ್ನು ಸುತ್ತಿಗೆಯಿಂದ ಬಡಿದು ಪೀಪಾಯಿಗೆ ಕೂರಿಸುತ್ತಿದ್ದ. ಪೊಲೀಸರನ್ನು ಕಂಡು ನಿಲ್ಲಿಸಲಿಲ್ಲ. ಬಳೆ ಕೂತ ಮೇಲೆಯೇ ಸುತ್ತಿಗೆ ಇಟ್ಟ.

“ಯಜಮಾನರಿಗೆ ನಾಲಿಗೆ ಸತ್ತಿದೆ ಅಂದ್ಯಂತೆ?”

“ಅಂದೆ. ಮತ್ತೆ ಬೇಕಾದ್ರೂ ಅಂತೀನಿ. ಆ ಏಳನೇದನ್ನ ಟ್ಯಾಂಕಿಗೆ ಸುರೀತೀನಿ ಅಂದ್ರು. ಅದಕ್ಕೇ ಜಗಳ ಆಗಿದ್ದು. ಆ ವೈನ್‌ಗೆ ಅಂತ ಪೀಪಾಯಿ ಕೈಯಾರೆ ಮಾಡಿಕೊಟ್ಟೋನು ನಾನು.”

“ಅದಕ್ಕೇ ನೀನೇ ಎತ್ಕೊಂಡು ಬಂದೆ.”

ಮೇಸ್ತ್ರಿ ನಕ್ಕ. “ಶನಿವಾರ ಭಾನುವಾರ ಎರಡು ದಿನಾನೂ ನನ್ನ ಮಗಳ ಮನೇಲಿದ್ದೆ. ಅವಳ ಅತ್ತೇನ ಕೇಳಿ. ಆಯಮ್ಮ ನನ್ನ ಪರವಾಗಿ ಸುಳ್ಳು ಹೇಳೋದು ಈ ಜನ್ಮದಲ್ಲಿಲ್ಲ.”

ಗಡಿಯಾರ ಅಲ್ಲಿಂದಲೇ ಫೋನ್ ಮಾಡಿದ. ಆಯಮ್ಮ ಮೇಸ್ತ್ರಿ ಎಷ್ಟು ಹೊತ್ತು ಇದ್ದ, ಎಷ್ಟು ತಿಂದ, ಎಷ್ಟು ಮಾತಾಡಿದ ಎಲ್ಲವನ್ನೂ ಹೇಳಿ, ಎರಡು ತಿಂಗಳು ಅವನನ್ನು ಒಳಗೆ ಹಾಕಿದರೂ ತನ್ನದೇನೂ ಅಭ್ಯಂತರವಿಲ್ಲ ಎಂದು ಸೇರಿಸಿದಳು.

ಇನ್ಸ್‌ಪೆಕ್ಟರ್ ಜಪ್ತು ಮಾಡಿದ ಬತ್ತಿಯ ಲಕೋಟೆಯನ್ನು ಬೆಳಕಿಗೆ ಹಿಡಿದು ತೋರಿಸಿದಳು. “ಇದನ್ನ ನೋಡು. ಏನು ಗೊತ್ತಾಗುತ್ತೆ?”

ಮೇಸ್ತ್ರಿ ಬಗ್ಗಿ ನೋಡಿದ. ಇಷ್ಟು ಹೊತ್ತು ಪುಂಖಾನುಪುಂಖವಾಗಿ ಬರುತ್ತಿದ್ದ ಮಾತು ನಿಂತಿತು.

“ಗಂಧಕದ ಬತ್ತಿ.”

“ಅದು ಗೊತ್ತು. ಬೇರೆ?”

“ಬೇರೆ ಏನಿಲ್ಲ.”

“ಇಷ್ಟೇ ಉದ್ದ ಇರುತ್ತಾ?”

ಅವನು ಸುತ್ತಿಗೆಯ ಹಿಡಿಯನ್ನು ಒರೆಸಿದ. ಆಮೇಲೆ ಇನ್ನೊಂದು ಪೀಪಾಯಿಯ ಬಳೆಯನ್ನು ಸರಿ ಮಾಡಿದ, ಅದು ಸರಿಯಾಗಿಯೇ ಇದ್ದರೂ. “ಅಂಗಡೀಲಿ ಸಿಗೋದು ಇದರ ಎರಡರಷ್ಟು ಉದ್ದ. ಕೆಲವರು ಅರ್ಧ ಮಾಡಿ ಹಾಕ್ತಾರೆ. ಪೂರ್ತಿ ಹಾಕಿದ್ರೆ ಮುಂದಿನ ವೈನ್‌ಗೆ ಗಂಧಕದ ಘಾಟು ಹಿಡಿಯುತ್ತೆ ಅಂತ.”

“ಯಾರು ಆ ಕೆಲವರು?”

“ನಾನು ಪೂರ್ತೀನೇ ಹಾಕೋದು ಮೇಡಂ. ಮಿಕ್ಕವರದ್ದು ನನಗೆ ಗೊತ್ತಿಲ್ಲ.”

ಬಾಯಿ ತುಂಬ ಮಾತಾಡುವವನು ಒಂದೇ ಒಂದು ಪ್ರಶ್ನೆಗೆ ಬಾಯಿ ಹೊಲಿದುಕೊಂಡರೆ ಅದೇ ಉತ್ತರ ಎಂಬುದು ಇನ್ಸ್‌ಪೆಕ್ಟರ್‌ಗೆ ಠಾಣೆಗಿಂತ ಹೆಚ್ಚಾಗಿ ಮನೆಯಲ್ಲಿ ಕಲಿತ ಪಾಠ. ಅವಳು ಒತ್ತಾಯ ಮಾಡಲಿಲ್ಲ.

ಮಂಗಳವಾರ ತೋಟದ ಗೇಟಿನ ಕ್ಯಾಮೆರಾ ನೋಡುವುದರಲ್ಲಿ ಕಳೆಯಿತು. ಶನಿವಾರ ಬೆಳಿಗ್ಗೆ 6.05ಕ್ಕೆ ಅಪ್ಪ ಮಗನ ಕಾರು ಹೊರಗೆ. ಭಾನುವಾರ ರಾತ್ರಿ ಊಟದ ಹೊತ್ತಿಗೆ ಅದೇ ಕಾರು ಒಳಗೆ. ನಡುವೆ ಒಂದು ನಾಯಿ ಮೂರು ಸಲ ಹೋಗಿ ಎರಡು ಸಲ ಬಂತು. ಗಡಿಯಾರ ಅದನ್ನೂ ಬರೆದುಕೊಂಡ.

“ಮೇಡಂ, ಲಾರಿ ಇಲ್ಲ, ಗಾಡಿ ಇಲ್ಲ, ಸೈಕಲ್ಲೂ ಇಲ್ಲ. ಇನ್ನೂರಿಪ್ಪತ್ತೈದು ಲೀಟರ್ ಹೇಗೆ ಹೋಯ್ತು?”

“ಹಿಂದಿನ ಬೇಲಿ?”

“ನೋಡ್ಬಂದೆ. ಮುಳ್ಳು. ನನ್ನ ಪ್ಯಾಂಟೇ ಸಾಕ್ಷಿ.”

ಅದೇ ಮಧ್ಯಾಹ್ನ 3.15ಕ್ಕೆ ಅವರು ಬಾಟಲಿ ವ್ಯಾಪಾರಿಯ ಗೋದಾಮಿಗೆ ಹೋದರು. ಪೀಪಾಯಿಯಿಂದ ತೆಗೆದ ವೈನ್ ಯಾವುದಾದರೂ ಪಾತ್ರೆಗೆ ಹೋಗಲೇಬೇಕು. ಸುತ್ತಮುತ್ತ ಬಾಟಲಿ ಮಾರುವವನು ಅವನೊಬ್ಬನೇ. ಗೋದಾಮಿನಲ್ಲಿ ಸ್ವಲ್ಪ ಜೋರಾಗಿ ಮಾತಾಡಿದರೂ ಸಾವಿರ ಬಾಟಲಿ ಸಣ್ಣಗೆ ಗುಂಯ್‌ಗುಡುತ್ತಿದ್ದವು. ವ್ಯಾಪಾರಿ ಅದಕ್ಕೇ ಇರಬೇಕು, ಪಿಸುಮಾತಿನವನು.

“ಆ ತೋಟದವರಿಗೆ ಮೂರು ವಾರದ ಹಿಂದೆ ಒಂದು ಲಾರಿ ಬಾಟಲಿ ಕಳಿಸ್ದೆ. ಹೋಟೆಲಿನ ಆರ್ಡರಿಗೆ.”

“ಎಲ್ಲಾ ಒಂದೇ ಥರದ್ದಾ?”

“ಒಂದೇ ಥರ. ಹಾಂ, ಮುನ್ನೂರು ಮಾತ್ರ ಬೇರೆ. ದಪ್ಪ ತಳದ್ದು, ಗಾಢ ಬಣ್ಣ. ಜೊತೆಗೆ ಉದ್ದ ಬಿರಡೆ.” ಅವನು ಎರಡು ಬಿರಡೆಗಳನ್ನು ಮೇಜಿನ ಮೇಲೆ ನಿಲ್ಲಿಸಿದ. ಒಂದು ಇನ್ನೊಂದರ ಭುಜಕ್ಕೆ ಬರುತ್ತಿತ್ತು. “ಇದು ಈ ವರ್ಷಾನೇ ಕುಡಿದು ಮುಗಿಸೋ ವೈನ್‌ಗೆ. ಇದು ಹತ್ತು ವರ್ಷ ಮಲಗಿಸಿಡೋ ವೈನ್‌ಗೆ. ಆ ಮನೆಯವರು ನಮ್ಮಪ್ಪನ ಕಾಲದಿಂದ ಸಣ್ಣ ಬಿರಡೆಯವರು. ನಾನೂ ಕೇಳ್ದೆ, ಏನಮ್ಮಾ ವಿಶೇಷ ಅಂತ.”

“ಅಮ್ಮ?”

“ಸೊಸೆಯೋರು ತಾನೇ ಬಂದಿದ್ದು? ಅವರೇ ಬರೋದು ಯಾವಾಗ್ಲೂ.”

“ಏನಂದ್ರು?”

“ಒಂದು ಮಾತು ಬಾಕಿ ಇದೆ, ಅದಕ್ಕೆ ಬೇಕು ಅಂದ್ರು. ನನಗೇನೂ ಅರ್ಥ ಆಗ್ಲಿಲ್ಲ. ಅರ್ಥ ಆಗ್ದೇ ಇದ್ರೆ ಬಾಟಲಿ ಕೊಡಬಾರದು ಅಂತ ಕಾನೂನಿಲ್ಲವಲ್ಲ ಮೇಡಂ?”

ಜೀಪಿನಲ್ಲಿ ಹಿಂತಿರುಗುವಾಗ ಇನ್ಸ್‌ಪೆಕ್ಟರ್ ಕೇಳಿದಳು, “ಪೀಪಾಯಿಯ ಮರ ಹಾಳಾಗಬಾರದು ಅಂತ ತೊಳೆದು ಬತ್ತಿ ಹಚ್ಚಿದ ಕೈ, ವೈನನ್ನ ಈ ಬಿಸಿಲಲ್ಲಿ ಗಾಡಿಗೆ ಹೇರಿ ಕುಲುಕಿಸ್ಕೊಂಡು ಹೋಗುತ್ತಾ?”

“ಹೋಗಲ್ಲ ಅಂತೀರಾ?”

“ತಂಪು ಇರಬೇಕು, ಕತ್ತಲೆ ಇರಬೇಕು, ಅಲುಗಾಡಬಾರದು. ಅಂಥ ಜಾಗ ಎಲ್ಲಿದೆ ಹೇಳು.”

ಗಡಿಯಾರ ಎರಡು ತಿರುವು ದಾಟುವ ತನಕ ಯೋಚಿಸಿದ. “ಅಲ್ಲೇ,” ಎಂದ ಕೊನೆಗೆ. “ಆ ನೆಲಮಾಳಿಗೇಲೇ. ಮೇಡಂ, ಹಾಗಾದ್ರೆ ಮಾಲು ಮನೆ ಬಿಟ್ಟು ಹೋಗೇ ಇಲ್ಲ. ಇದು ಕಳವು ಹೇಗಾಗುತ್ತೆ?”

“ಯಜಮಾನರ ಮಾಲನ್ನ ಯಜಮಾನರಿಗೆ ಹೇಳದೆ ಜಾಗ ಬದಲಿಸಿ ಬಚ್ಚಿಟ್ರೂ ಕಳವೇ. ಒಂದು ಗೇಣು ಸರಿಸಿದ್ರೂ ಸಾಕು.”

ಬುಧವಾರ ಬೆಳಿಗ್ಗೆ 10.30. ಅದೇ ಇಬ್ಬರು ಪಂಚರು, ಯಜಮಾನರು ಮೇಲಿನ ಮೆಟ್ಟಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಮಗ ಅವರ ಹಿಂದೆ. ಇನ್ಸ್‌ಪೆಕ್ಟರ್ ನೆಲಮಾಳಿಗೆಯಲ್ಲಿ ಸುತ್ತು ಹಾಕುವ ನಾಟಕವೇನೂ ಮಾಡಲಿಲ್ಲ. ನೇರ ಹಳೆಯ ಸಿಮೆಂಟ್ ತೊಟ್ಟಿಯ ಮುಂದೆ ನಿಂತಳು. ಸ್ಟೀಲ್ ಟ್ಯಾಂಕು ಬಂದಾಗಿನಿಂದ ಅದಕ್ಕೆ ಕೆಲಸವಿರಲಿಲ್ಲ. ಕೆಳಗೆ, ಒಬ್ಬರು ತೆವಳಿಕೊಂಡು ಹೋಗುವಷ್ಟು ದೊಡ್ಡ ಕಬ್ಬಿಣದ ಬಾಗಿಲಿತ್ತು. ಬಾಗಿಲ ತಿರುಪಿಗೆ ಹೊಸದಾಗಿ ಎಣ್ಣೆ ಬಿಟ್ಟಿತ್ತು.

“ತೆಗೀರಿ,” ಎಂದಳು ಸೊಸೆಗೆ.

“ನಾನೇ ತೆಗೀತೀನಿ. ನಿಮ್ಮವರು ತೆಗೆದ್ರೆ ಒಳಗಿದ್ದಕ್ಕೆ ತಗುಲುತ್ತೆ,” ಎಂದಳು ಸೊಸೆ. ಮಂಡಿಯೂರಿ ತಿರುಪು ಬಿಚ್ಚಿದಳು.

ಗಡಿಯಾರ ಟಾರ್ಚ್ ಹಿಡಿದು ತಲೆ ತೂರಿಸಿದ. ಒಳಗಿನಿಂದ ಅವನ ದನಿ ಬಾವಿಯಿಂದ ಬಂದ ಹಾಗೆ ಬಂತು. “ಮೇಡಂ. ಎಲ್ಲಾ ಮಲಗಿವೆ.”

ಗೋಡೆಯಿಂದ ಗೋಡೆಗೆ, ಸಾಲಿನ ಮೇಲೆ ಸಾಲು, ಕುತ್ತಿಗೆಯೆಲ್ಲ ಒಂದೇ ಕಡೆ. ಚೀಟಿ ಇಲ್ಲ, ಹೆಸರಿಲ್ಲ. ಎಣಿಸಿದಾಗ ಇನ್ನೂರ ತೊಂಬತ್ತಾರು; ನಾಲ್ಕು ಬಾಟಲಿಯಷ್ಟು ಗಸಿಯಲ್ಲಿ ಹೋಗಿರಬೇಕು.

“ನಾನು ಮೊದಲ ದಿನಾನೇ ಕೇಳಿದ್ನಲ್ಲ,” ಇನ್ಸ್‌ಪೆಕ್ಟರ್ ಅಂದಳು.

“ಹೊರಗಿನವರು ಬಂದಿದ್ರಾ ಅಂತ ಕೇಳಿದ್ರಿ. ಪೀಪಾಯಿ ಸರಿಯಾಗಿತ್ತಾ ಅಂತ ಕೇಳಿದ್ರಿ. ವೈನ್ ನೀನು ತೆಗೆದ್ಯಾ ಅಂತ ಕೇಳಿದ್ರೆ ಹೇಳ್ತಿದ್ದೆ.”

“ಈಗ ಕೇಳ್ತಿದೀನಿ.”

“ನಾನೇ ತೆಗೆದೆ.”

ಮೇಲಿನಿಂದ ಯಜಮಾನರ ದನಿ ಬಂತು. “ಯಾಕಮ್ಮ?” ಅದರಲ್ಲಿ ಸಿಟ್ಟಿಗಿಂತ ದಿಗಿಲು ಹೆಚ್ಚಿತ್ತು.

ಸೊಸೆ ಮೆಟ್ಟಿಲ ಕಡೆ ತಿರುಗಿದಳು. ದನಿ ಏರಿಸಲಿಲ್ಲ. “ಮಾವ, ಆ ಇಳಿಜಾರಲ್ಲಿ ನಿಂತು ನೀವು ಏನಂದಿದ್ರಿ?”

ಮಗ ತನ್ನ ಚಪ್ಪಲಿ ನೋಡಿಕೊಂಡ. ಅವನಿಗೆ ನೆನಪಿತ್ತು; ಅಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

“ಅದು... ತಮಾಷೆಗೆ ಅಂದ ಮಾತಲ್ವೇನಮ್ಮ,” ಎಂದರು ಯಜಮಾನರು.

“ನಾನು ತಮಾಷೆಗೆ ನೆಡಲಿಲ್ಲ.”

11.25ಕ್ಕೆ ಅವಳನ್ನು ಬಂಧಿಸಲಾಯಿತು. ಠಾಣೆಯಲ್ಲಿ ಕೊಟ್ಟ ಹೇಳಿಕೆ ಎರಡು ಪುಟ. ಕಲ್ಲು ಆರಿಸಲು ಎರಡು ವರ್ಷ. ನೆಟ್ಟ ಬಳ್ಳಿಯಲ್ಲಿ ಮೂರರಲ್ಲೊಂದು ಸತ್ತದ್ದು. ಮೊದಲ ಹಣ್ಣಿನ ವೈನ್ ಚೆನ್ನಾಗಿರಲಿಲ್ಲ. ಬೆರೆಸಿದರು, ಅದು ಸರಿಯೇ ಎಂದು ತಾನೂ ಒಪ್ಪಿದ್ದು. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಹಾಗೇ. “ಪ್ರತಿ ಸಲಾನೂ ನಾನೇ ಪೈಪು ಹಿಡಿದು ಟ್ಯಾಂಕಿಗೆ ಬಿಟ್ಟೆ. ಈ ಸಲ ಮಾವ ಏಳನೇ ಪೀಪಾಯಿಯಿಂದ ಒಂದು ಲೋಟ ತಗೊಂಡ್ರು. ಕುಡಿದು, ಏನೂ ಹೇಳ್ದೆ ಇನ್ನೊಂದು ಲೋಟ ತಗೊಂಡ್ರು. ಅವರು ಯಾವತ್ತೂ ಎರಡನೇ ಲೋಟ ತಗೊಂಡವರಲ್ಲ. ಅವತ್ತೇ ಗೊತ್ತಾಯ್ತು, ಇದು ಆ ಪೀಪಾಯಿ ಅಂತ. ಮಾರನೇ ವಾರ ಹೋಟೆಲಿನವರು ಬಂದ್ರು.”

“ಬಾಯಿ ಬಿಟ್ಟು ಕೇಳಬಹುದಿತ್ತಲ್ಲ?” ಇನ್ಸ್‌ಪೆಕ್ಟರ್ ಕೇಳಿದಳು.

“ಮಾತು ಕೊಟ್ಟವರೇ ನೆನಪು ಮಾಡ್ಕೋಬೇಕು ಮೇಡಂ. ಕೇಳಿ ತಗೊಂಡ್ರೆ ಅದು ಭಿಕ್ಷೆ. ಕೇಳದೆ ತಗೊಂಡ್ರೆ ಕಳವು. ಅದೂ ಗೊತ್ತಿತ್ತು.”

“ಆಮೇಲೆ ಏನು ಮಾಡೋರಿದ್ರಿ?”

“ಏನೂ ಇಲ್ಲ. ಮಾರೋದಿಲ್ಲ, ಕುಡಿಯೋದಿಲ್ಲ. ಅದು ಒಂದ್ಸಲ ಬಾಟಲೀಲಿ ಒಂಟಿಯಾಗಿ ಮಲಗಲಿ ಅಂತಿತ್ತು. ಪೀಪಾಯಿ ಮಾತ್ರ ತೊಳೀದೆ ಬಿಡೋಕಾಗ್ಲಿಲ್ಲ.”

12.50ಕ್ಕೆ ಯಜಮಾನರು ಮತ್ತೆ ನಾಲ್ಕು ಮೆಟ್ಟಿಲಿಗೆ ನಾಲ್ಕು ಸಲ ನಿಂತು ಠಾಣೆಗೆ ಬಂದರು. ದೂರು ವಾಪಸ್ ತಗೋತೀನಿ ಎಂದರು. ಸೊಸೆಯನ್ನು ಬಿಡಿ, ಬಾಟಲಿಗಳನ್ನು ಇವತ್ತೇ ಕೊಡಿ.

“ಬಾಟಲಿಗೆ ಯಾಕೆ ಅವಸರ?”

“ನಾಳೆ ಗುರುವಾರ ಅಲ್ವಾ? ಬಿರಡೆ ತೆಗೆದು ಟ್ಯಾಂಕಿಗೆ ಸುರಿದ್ರಾಯ್ತು. ಹೆಚ್ಚೂಕಮ್ಮಿ ಏನೂ ಆಗಿಲ್ಲ.”

ಪಕ್ಕದ ಬೆಂಚಿನಲ್ಲಿ ಕೂತಿದ್ದ ಸೊಸೆ ಕಣ್ಣು ಮುಚ್ಚಿದಳು, ಅಷ್ಟೆ.

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದಳು. “ಯಜಮಾನ್ರೇ, FIR ಆಗಿದೆ. ಪಂಚನಾಮೆ ಆಗಿದೆ. ಇನ್ನೂರ ತೊಂಬತ್ತಾರು ಬಾಟಲಿಗೂ ನಮ್ಮ ಅರಗಿನ ಮುದ್ರೆ ಬಿದ್ದಿದೆ. ಅದು ಈಗ ನಿಮ್ಮದೂ ಅಲ್ಲ, ಇವರದೂ ಅಲ್ಲ. ಕೇಸಿನ ಸಾಕ್ಷ್ಯ, ಕೋರ್ಟಿನ ಮುದ್ದೆಮಾಲು.”

“ನನ್ನ ವೈನು, ನಾನೇ ದೂರು ಕೊಟ್ಟೋನು!”

“ಹೌದು. ಒಳ್ಳೇದೇ ಮಾಡಿದ್ರಿ.”

ಇದನ್ನು ಅವಳು ನಗದೆ ಹೇಳಿದಳು. ಗಡಿಯಾರ ಮಾತ್ರ ಕಪಾಟಿನ ಕಡೆ ಮುಖ ತಿರುಗಿಸಿಕೊಂಡು ಯಾವುದೋ ಕಡತ ಹುಡುಕಲಾರಂಭಿಸಿದ.

ಸಾಯಂಕಾಲ ನಾಲ್ಕಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು. ಜಾಮೀನು ಮಂಜೂರಾಯಿತು. ಯಾರು ಜಾಮೀನು ನಿಲ್ಲುತ್ತೀರಿ ಎಂದಾಗ ಮಗ ಎದ್ದ. ಅವನಿಗಿಂತ ಮೊದಲು ಅವನಪ್ಪ ಕೋಲೂರಿ ಎದ್ದಿದ್ದರು. ಮ್ಯಾಜಿಸ್ಟ್ರೇಟರು ಕಡತ ನೋಡಿ, ಕನ್ನಡಕ ಸರಿಮಾಡಿಕೊಂಡು, “ನೀವು ಫಿರ್ಯಾದಿ ಅಲ್ವಾ?” ಎಂದರು.

“ಹೌದು ಸ್ವಾಮಿ. ಆದ್ರೆ ಇವಳಿಲ್ದೇ ಹೋದ್ರೆ ನಾಳೆ ಟ್ಯಾಂಕು ನೋಡೋರು ಯಾರು? ನಮಗಿಬ್ಬರಿಗೂ ಪಂಪು ಚಾಲೂ ಮಾಡೋಕೂ ಬರಲ್ಲ.”

ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಬಿದ್ದ ಹಾಗೆ ಕಂಡಿತು.

ಗುರುವಾರ ಟ್ಯಾಂಕಿಗೆಂದು ಉಳಿದದ್ದು ಹದಿನೇಳು ಪೀಪಾಯಿ. ಪಂಪು ನಡೆಸಿದವಳು ಸೊಸೆಯೇ. ಯಾವುದು ಮೊದಲು, ಯಾವುದು ಎಷ್ಟು, ಯಾವುದು ಬೇಡವೇ ಬೇಡ ಎಂದು ಬೆಳಗಿನಿಂದ ಸಂಜೆತನಕ ಬಾಯಿ ಚಪ್ಪರಿಸಿ ನೋಡಿ, ನೀರು ನೀರು ಎನಿಸಿಕೊಂಡಿದ್ದರಿಂದಲೇ ತಿಳಿಯಾದ ಒಂದು ವೈನ್ ಮಾಡಿದಳು. ಹೋಟೆಲಿನವರು ಮುಖ ಹಿಂಡಿ, ಕೇಳಿದ್ದರಲ್ಲಿ ಮುಕ್ಕಾಲು ಪಾಲು ತೆಗೆದುಕೊಂಡರು. ಮಿಕ್ಕಿದ್ದು ಉಳಿಯಿತು. ಮಗ ಅದನ್ನು ಊರೂರು ಸುತ್ತಿ ಮಾರಿದ.

ಠಾಣೆಯ ಮುದ್ದೆಮಾಲಿನ ಕೋಣೆಗೆ ತಗಡಿನ ಛಾವಣಿ. ಒಲೆಯ ಮೇಲೆ ಇಟ್ಟ ಹಾಗೆ. ಮೊದಲ ದಿನವೇ ಗಡಿಯಾರ ಬಾಟಲಿಗಳನ್ನು ಶಿಸ್ತಾಗಿ ಸಾಲಾಗಿ ನಿಲ್ಲಿಸಿದ್ದ. ಠಾಣೆಗೆ ಹಾಜರಿ ಹಾಕಲು ಬಂದ ಆರೋಪಿ ಕಿಟಕಿಯಿಂದ ಅದನ್ನು ಕಂಡು ಮೌನವಾಗಿರಲಾರದೆ ಹೋದಳು.

“ಅವನ್ನ ಮಲಗಿಸಿ. ಬಿರಡೆ ಒಣಗಿದ್ರೆ ಒಳಗೆ ಗಾಳಿ ಹೋಗುತ್ತೆ.”

“ಆರೋಪಿ ಮಾಲಿನ ಬಗ್ಗೆ ಮಾತಾಡೋ ಹಾಗಿಲ್ಲ,” ಎಂದ ಗಡಿಯಾರ. ಅವಳು ಹೋದ ಮೇಲೆ ಇನ್ನೂರ ತೊಂಬತ್ತಾರನ್ನೂ ಮಲಗಿಸಿದ. ಕಿಟಕಿಗೆ ಒದ್ದೆ ಗೋಣಿ ಕಟ್ಟಿದ. ದಿನಚರಿಯಲ್ಲಿ ಬರೆದ: 5.40, ಗೋಣಿ.

ಇನ್ಸ್‌ಪೆಕ್ಟರ್ ತಡಮಾಡಲಿಲ್ಲ. ಮಾಲು ಬಿಸಿಗೆ ಕೆಡುವಂಥದ್ದು, ಠಾಣೆಯಲ್ಲಿ ತಂಪು ಜಾಗವಿಲ್ಲ, ಯೋಗ್ಯ ನೆಲಮಾಳಿಗೆಯಿರುವ ಮಾಲೀಕರ ವಶಕ್ಕೇ ಒಪ್ಪಿಸಬಹುದು ಎಂದು ವರದಿ ಬರೆದಳು. ಕೊನೆಯಲ್ಲಿ ಒಂದು ಸಾಲು: ಸಾಕ್ಷ್ಯವಾದ್ದರಿಂದ ಇದ್ದ ಸ್ಥಿತಿಯಲ್ಲೇ ಇರತಕ್ಕದ್ದು. ಒಂಬತ್ತನೇ ದಿನ ಆದೇಶ ಬಂತು. ಬಾಟಲಿಗಳು ಯಜಮಾನರ ವಶಕ್ಕೆ. ಪ್ರಕರಣ ಮುಗಿಯುವತನಕ ತೆರೆಯತಕ್ಕದ್ದಲ್ಲ, ಮಾರತಕ್ಕದ್ದಲ್ಲ, ಬೇರೆ ಯಾವುದರೊಂದಿಗೂ ಬೆರೆಸತಕ್ಕದ್ದಲ್ಲ.

ಯಜಮಾನರು ಮುಚ್ಚಳಿಕೆ ಬರೆದುಕೊಟ್ಟರು. ಸಹಿ ಮಾಡುವ ಮುನ್ನ, ಬೆರೆಸತಕ್ಕದ್ದಲ್ಲ ಎಂಬ ಆ ಕೊನೆಯ ಮಾತನ್ನು ಎರಡು ಸಲ ಓದಿದರು.

“ಇದನ್ನ ನಾನು ಮೊದಲೇ ಎಲ್ಲೋ ಹೇಳಿದೀನಿ,” ಎಂದರು.

“ಹಾಗಂತ ಕೇಳಿದೀನಿ,” ಎಂದಳು ಇನ್ಸ್‌ಪೆಕ್ಟರ್.

ಪ್ರಕರಣ ಹದಿನಾಲ್ಕು ತಿಂಗಳು ನಡೆಯಿತು. ಎರಡು ಬಾಟಲಿ ಪ್ರಯೋಗಾಲಯಕ್ಕೆ ಹೋದವು. ಬಂದ ವರದಿಯಲ್ಲಿ “ಮಾದರಿಯಲ್ಲಿ ಯಾವುದೇ ಕಲಬೆರಕೆ ಕಂಡುಬಂದಿಲ್ಲ” ಎಂದಿತ್ತು. ಹೇಳಿ ಬರೆಸಿದ್ದರೂ ಇಷ್ಟು ಚೆನ್ನಾಗಿ ಬರೆಸಲಾಗುತ್ತಿರಲಿಲ್ಲ. ಆ ಹದಿನಾಲ್ಕು ತಿಂಗಳು, ಕೋರ್ಟಿನ ಮಾಲಿಗೆ ಏನಾದರೂ ಆದರೆ ತನ್ನ ತಲೆಗೆ ಬರುತ್ತದೆಂದು ಯಜಮಾನರು ದಿನಾ ಹದಿನಾಲ್ಕು ಮೆಟ್ಟಿಲಿಳಿದು ಬಾಟಲಿಗಳನ್ನು ನೋಡಿ ಬರತೊಡಗಿದರು. ಇಳಿಯುವಾಗ ಕೈ ಹಿಡಿಯುತ್ತಿದ್ದವಳು ಆರೋಪಿ. ಮೊದಲ ತಿಂಗಳು ಮಾತಿರಲಿಲ್ಲ. ಆಮೇಲೆ ಅವರು ಆ ಇಳಿಜಾರಿನ ಬಗ್ಗೆ ಒಂದೊಂದೇ ಕೇಳತೊಡಗಿದರು: ಕಲ್ಲು ಎಷ್ಟು ಆಳದವರೆಗಿದೆ, ನೀರು ಹೇಗೆ ಇಂಗುತ್ತೆ, ಹಣ್ಣು ಯಾಕೆ ಸಣ್ಣದು. ಹದಿಮೂರು ವರ್ಷದಲ್ಲಿ ಕೇಳದ್ದನ್ನೆಲ್ಲ ಕೇಳಿದರು. ಮೂರನೇ ತಿಂಗಳಲ್ಲಿ ಪೀಪಾಯಿ ಮೇಸ್ತ್ರಿಗೂ ಕರೆ ಹೋಯಿತು. ಅವನು ಬಂದ. ಬಂದವನೇ, ನಾಲಿಗೆ ಬದುಕಿದೆಯಾ ಎಂದು ವಿಚಾರಿಸಿದ.

ಎರಡೂ ಕಡೆಯವರ ಒಪ್ಪಿಗೆ ಪಡೆದು ನ್ಯಾಯಾಲಯ ರಾಜಿಗೆ ಅನುಮತಿ ಕೊಟ್ಟಿತು. ಆರೋಪಿ ಬಿಡುಗಡೆ. ಮುದ್ರೆ ಒಡೆಯಲು ಇನ್ಸ್‌ಪೆಕ್ಟರ್ ಮತ್ತು ಗಡಿಯಾರ ತೋಟಕ್ಕೆ ಹೋದದ್ದು ಒಂದು ಶುಕ್ರವಾರ, ಬೆಳಿಗ್ಗೆ 11.00ಕ್ಕೆ. ನೆಲಮಾಳಿಗೆಯ ಮೇಜಿನ ಮೇಲೆ ಅಚ್ಚಿನಿಂದ ಬಂದ ಚೀಟಿಗಳ ಕಟ್ಟು ಬಿಚ್ಚಿತ್ತು. ಯಜಮಾನರು ಕುರ್ಚಿಯಲ್ಲಿ ಕೂತು, ಗೋಂದು ಹಚ್ಚಿ, ಮೊದಲನೆಯದನ್ನು ಅಂಟಿಸುತ್ತಿದ್ದರು. ಸ್ವಲ್ಪ ಸೊಟ್ಟಗಾಯಿತು. ಸೊಸೆ ಅದನ್ನು ಸರಿ ಮಾಡಲು ಹೋಗಲಿಲ್ಲ.

ಇನ್ನೂರ ತೊಂಬತ್ತನಾಲ್ಕು ಬಾಟಲಿ. ಬೆರೆಸಿರಲಿಲ್ಲ. ಮೇಲೆ ಅವಳ ಹೆಸರಿತ್ತು. ಯಜಮಾನರು ಕೊಟ್ಟ ಮಾತು ನಡೆಯಿತು.